ಮೆಟ್ಟಿಲನ್ನೂ ಲೆಕ್ಕಕ್ಕಿಡುವ ನಕ್ಷೆ

ಟ್ರಾಫಿಕ್, ಹೊಗೆ ಅಂದಕೂಡಲೇ ನಾವೆಲ್ಲ ಮಾತಾಡುವುದು ಮೆಟ್ರೊ, ಎಲೆಕ್ಟ್ರಿಕ್ ಬಸ್ಸುಗಳ ಬಗ್ಗೆ. ಆದರೆ ಮನೆಯಿಂದ ಸ್ಟಾಪಿನವರೆಗೆ ಹೋಗಲಿಕ್ಕೇ ಆಗದಿದ್ದರೆ ಬಸ್ಸು ಎಷ್ಟು ಚೆನ್ನಾಗಿದ್ದು ಏನು ಬಂತು?

ಬೆಂಗಳೂರಿನ ನನ್ನ ಗೆಳತಿಯೊಬ್ಬಳು ವೀಲ್‌ಚೇರ್‌ನಲ್ಲಿ ಓಡಾಡುತ್ತಾಳೆ. ಫೋನು ನನಗೆ ‘ಐದು ನಿಮಿಷದ ನಡಿಗೆ’ ಎಂದು ತೋರಿಸುವ ದಾರಿ ಅವಳ ಪಾಲಿಗೆ ದಾರಿಯೇ ಅಲ್ಲ. ಮೊಣಕಾಲೆತ್ತರದ ಫುಟ್‌ಪಾತ್, ನಡುವೆ ಟ್ರಾನ್ಸ್‌ಫಾರ್ಮರ್, ರಸ್ತೆ ದಾಟಲು ಮೆಟ್ಟಿಲು. ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲದೆ ಬಸ್ಸಿನಲ್ಲಿ ಹೋಗಬಹುದಾದ ಅವಳು ದಿನವೂ ಆಟೊಗೆ ದುಡ್ಡು ಸುರಿಯುತ್ತಾಳೆ.

ಎಂಜಿನಿಯರಿಂಗ್ ಓದುತ್ತಿರುವ ನನಗೆ ಓಪನ್ ಸೋರ್ಸ್ ಹುಚ್ಚು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2009ರಲ್ಲಿ ಶುರುವಾದ ‘ಓಪನ್ ಟ್ರಿಪ್ ಪ್ಲಾನರ್’ ಎಂಬ ತಂತ್ರಾಂಶವಿದೆ. ಬಸ್ಸು, ರೈಲುಗಳ ವೇಳಾಪಟ್ಟಿಯನ್ನು ರಸ್ತೆಗಳ ಜೊತೆ ಹೊಂದಿಸಿ ದಾರಿ ಹೇಳುತ್ತದೆ. ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲೂ ಇದೇ ಬಳಕೆಯಲ್ಲಿದೆ. ‘ವೀಲ್‌ಚೇರ್’ ಎಂದು ಆರಿಸಿಕೊಂಡರೆ ಮೆಟ್ಟಿಲು ಬಿಟ್ಟು ಬೇರೆ ದಾರಿ ಹುಡುಕುತ್ತದೆ. ಆದರೆ ಅಲ್ಲೊಂದು ಮೆಟ್ಟಿಲಿದೆ ಅಂತ ಯಾರಾದರೂ ಮೊದಲು ಬರೆದಿಟ್ಟಿರಬೇಕಲ್ಲ!

ಅದನ್ನು ಬರೆದಿಡುವ ಜಾಗ ‘ಓಪನ್ ಸ್ಟ್ರೀಟ್ ಮ್ಯಾಪ್’. ಬ್ರಿಟನ್ನಿನಲ್ಲಿ 2004ರಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಯನ್ನು ವಿಕಿಪೀಡಿಯದಂತೆ ಯಾರು ಬೇಕಾದರೂ ತಿದ್ದಬಹುದು. ಬಾಗಿಲು ಎಲ್ಲರಿಗೂ ತೆರೆದಿದೆ, ನಿಜ. ಒಳಗೆ ಇರುವವರು ಯಾರು? ಬಹುಪಾಲು ಗಂಡಸರು ಎಂದು ಹಲವು ಅಧ್ಯಯನಗಳು ತೋರಿಸಿವೆ. ಶಿಶುಪಾಲನಾ ಕೇಂದ್ರಗಳಿಗೆ ಪ್ರತ್ಯೇಕ ಗುರುತು ಬೇಕೆಂಬ ಪ್ರಸ್ತಾವ ಈ ಬಳಗದ ಮತದಾನದಲ್ಲಿ ಮೊದಲಿಗೆ ಬಿದ್ದುಹೋಗಿತ್ತು. ಬಾರ್, ನೈಟ್‌ಕ್ಲಬ್‌ಗಳಿಗೆ ಮಾತ್ರ ಆಗಲೇ ಬೇರೆ ಬೇರೆ ಗುರುತುಗಳಿದ್ದವು. ಭೂಗೋಳ ತಜ್ಞೆ ಮೋನಿಕಾ ಸ್ಟೀಫನ್ಸ್ 2013ರ ಪ್ರಬಂಧದಲ್ಲಿ ಇದನ್ನು ಎತ್ತಿ ತೋರಿಸಿದರು. ಮಗುವನ್ನು ಅಂಗನವಾಡಿಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಬಸ್ಸು ಹಿಡಿದು, ಬರುವಾಗ ತರಕಾರಿ ತರುವ ಹೆಂಗಸಿಗೆ ಆ ಒಂದು ಗುರುತು ಎಷ್ಟು ಮುಖ್ಯ ಎಂದು ನಮ್ಮ ಅಮ್ಮಂದಿರನ್ನೇ ಕೇಳಿ.

ಬೇರೆಯವರು ಒಳಗೆ ಬಂದಾಗ ನಕ್ಷೆಯೂ ಬದಲಾಗುತ್ತದೆ. ಜರ್ಮನಿಯ ರೌಲ್ ಕ್ರೌಟ್‌ಹೌಸೆನ್ ಸ್ವತಃ ವೀಲ್‌ಚೇರ್ ಬಳಸುವವರು. ಅವರ ತಂಡ 2010ರಲ್ಲಿ ಬರ್ಲಿನ್‌ನಲ್ಲಿ ‘ವೀಲ್‌ಮ್ಯಾಪ್’ ಆರಂಭಿಸಿತು. ವೀಲ್‌ಚೇರ್ ಸಲೀಸಾಗಿ ಹೋಗುವ ಜಾಗಕ್ಕೆ ಹಸಿರು, ಹೋಗದ ಜಾಗಕ್ಕೆ ಕೆಂಪು. ಅದರ ಅಡಿಪಾಯವೂ ಇದೇ ಓಪನ್ ಸ್ಟ್ರೀಟ್ ಮ್ಯಾಪ್.

ಈಗ ಭಾನುವಾರಗಳಲ್ಲಿ ನಾನು, ಗೆಳತಿ ನಮ್ಮ ಏರಿಯಾ ಸುತ್ತುತ್ತೇವೆ. ಫೋನಿನಲ್ಲಿ ‘ಸ್ಟ್ರೀಟ್‌ಕಂಪ್ಲೀಟ್’ ಆ್ಯಪ್ ಇದೆ. ಈ ಸ್ಟಾಪಿಗೆ ನೆರಳಿದೆಯೇ, ಕೂರಲು ಬೆಂಚಿದೆಯೇ, ಫುಟ್‌ಪಾತಿನ ಅಂಚು ಇಳಿಜಾರಾಗಿದೆಯೇ ಎಂದು ಕೇಳುತ್ತದೆ. ಕೋಡಿಂಗ್ ಬರಬೇಕಿಲ್ಲ, ನೋಡಿ ಉತ್ತರಿಸಿದರೆ ಸಾಕು. ನಾನು ಗಮನಿಸದೆ ಹತ್ತಿಹೋಗುವ ಅಂಚನ್ನು ಅವಳು ನಿಲ್ಲಿಸಿ ತೋರಿಸುತ್ತಾಳೆ. ಸ್ಟಾಪಿನ ಹೆಸರನ್ನು ಕನ್ನಡದಲ್ಲೂ ಸೇರಿಸುತ್ತೇವೆ.

ನಕ್ಷೆಯಲ್ಲಿ ಬರೆದ ಮಾತ್ರಕ್ಕೆ ಫುಟ್‌ಪಾತ್ ತಗ್ಗುವುದಿಲ್ಲ, ಗೊತ್ತು. ಆದರೆ ಸಾರಿಗೆ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ನಾಳೆ ವಾರ್ಡ್ ಸಭೆಯಲ್ಲಿ ‘ಎಲ್ಲಿ ತೊಂದರೆ?’ ಎಂದು ಯಾರಾದರೂ ಕೇಳಿದರೆ, ಗೆಳತಿ ಸ್ಟಾಪಿನ ಹೆಸರು ಸಮೇತ ಪಟ್ಟಿ ಕೊಡುತ್ತಾಳೆ. ನಿಮ್ಮ ಊರಿನ ಪಟ್ಟಿ ಯಾರ ಹತ್ತಿರ ಇದೆ?