ಎತ್ತಿನ ಹೆಗಲಿನ ಪ್ರಶ್ನೆ ರಾಜ್ಯಸಭೆಯಲ್ಲಿ



ಗಾಡಿಗೆ ಎಷ್ಟು ಭಾರ ಹೇರಬಹುದು, ಎತ್ತನ್ನು ಗಾಡಿಗೆ ಕಟ್ಟಿ ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು, ಬೇಸಿಗೆಯ ನಡುಮಧ್ಯಾಹ್ನ ಗಾಡಿ ಹೂಡಬಹುದೇ ಕೂಡದೇ ಎಂಬುದಕ್ಕೆಲ್ಲ ಈ ದೇಶದಲ್ಲಿ ಕಾನೂನು ಇದೆ. ಇದನ್ನು ಕೇಳಿದರೆ ಅನೇಕರಿಗೆ ನಗು ಬರುತ್ತದೆ. "ಎತ್ತು ನಮ್ಮದು, ಗಾಡಿ ನಮ್ಮದು, ಮೇವು ಹಾಕುವವರು ನಾವು, ನಡುವೆ ಸರ್ಕಾರಕ್ಕೇನು ಕೆಲಸ?" ಎನ್ನುತ್ತಾರೆ. ಈ ಪ್ರಶ್ನೆ ಹೊಸದಲ್ಲ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ ದೆಹಲಿಯ ರಾಜ್ಯಸಭೆಯಲ್ಲಿ ಒಬ್ಬ ಮಹಿಳಾ ಸದಸ್ಯರು ಇದನ್ನೇ ತಿರುಗಿಸಿ ಕೇಳಿದರು: ಮಾತು ಬಾರದ ಪ್ರಾಣಿಯ ಬಗ್ಗೆ ಸರ್ಕಾರಕ್ಕೆ ಕೆಲಸವಿಲ್ಲವೆ? ಅವರ ಪ್ರಯತ್ನದಿಂದ ನಮ್ಮ ಕೊಟ್ಟಿಗೆಯವರೆಗೆ ಬಂದದ್ದೇನು, ಬಾರದೆ ಉಳಿದದ್ದೇನು ಎಂಬುದನ್ನು ತಿಳಿಯುವುದು ದನಕರು ಸಾಕುವ ಪ್ರತಿಯೊಬ್ಬರಿಗೂ ಅವಶ್ಯಕ.

ಮಸೂದೆ ತಂದವರು

ಆ ಸದಸ್ಯರ ಹೆಸರು ರುಕ್ಮಿಣೀದೇವಿ ಅರುಂಡೇಲ್. 1904ರಲ್ಲಿ ಮಧುರೆಯಲ್ಲಿ ಹುಟ್ಟಿದ ಇವರು ಮದರಾಸಿನ ಅಡ್ಯಾರಿನಲ್ಲಿ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದವರು. ಭರತನಾಟ್ಯದ ಕಲಾವಿದೆಯೆಂದು ಜನ ಬಲ್ಲರು. 1952ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಕಲೆಗಾಗಿ ನಾಮಕರಣಗೊಂಡವರು ಸದನದಲ್ಲಿ ಹಿಡಿದ ಕೆಲಸ ಪ್ರಾಣಿಗಳದು.

ಆಗ ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ 1890ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆ. ಅದರ ದೊಡ್ಡ ಕೊರತೆಯೊಂದನ್ನು ನೀವು ಗಮನಿಸಬೇಕು. ಆ ಕಾಯ್ದೆಯ ವ್ಯಾಪ್ತಿ ಬಹುಮಟ್ಟಿಗೆ ಪುರಸಭೆಯ ಗಡಿಯೊಳಗೆ ಮುಗಿಯುತ್ತಿತ್ತು. ಪೇಟೆಯ ಬೀದಿಯಲ್ಲಿ ಜಟಕಾ ಕುದುರೆಯನ್ನು ಹೊಡೆದವನಿಗೆ ದಂಡ ಬೀಳಬಹುದಾಗಿತ್ತು. ಊರಾಚೆ ಹೆಗಲು ಹುಣ್ಣಾದ ಎತ್ತನ್ನು ಹೂಡಿದವನನ್ನು ಕೇಳುವವರಿರಲಿಲ್ಲ. ದೇಶದ ದನಗಳಲ್ಲಿ ಬಹುಪಾಲು ಇದ್ದುದು ಹಳ್ಳಿಯಲ್ಲಿ, ಕಾನೂನು ಇದ್ದುದು ಪೇಟೆಯಲ್ಲಿ.

ಇದನ್ನು ಸರಿಪಡಿಸಲು ರುಕ್ಮಿಣೀದೇವಿಯವರು ತಾವೇ ಒಂದು ಮಸೂದೆಯನ್ನು ಸಿದ್ಧಪಡಿಸಿ ತಂದರು. ಮಂತ್ರಿಯಲ್ಲದ ಸದಸ್ಯರು ತರುವ ಇಂಥದನ್ನು ಖಾಸಗಿ ಸದಸ್ಯರ ಮಸೂದೆ ಎನ್ನುತ್ತಾರೆ. 1954ರ ಮಾರ್ಚಿಯಲ್ಲಿ ಅದು ಚರ್ಚೆಗೆ ಬಂದಾಗ ಸರ್ಕಾರದ ಪರವಾಗಿ ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಮಾತನಾಡಿದರು. ಮಸೂದೆಯ ಉದ್ದೇಶದ ಬಗ್ಗೆ ಅವರಿಗೆ ಸಹಾನುಭೂತಿ ಇತ್ತು. ಆದರೆ ವಿಷಯವನ್ನು ಸಮಿತಿಯೊಂದು ಪರಿಶೀಲಿಸಲಿ, ಆಮೇಲೆ ಸರ್ಕಾರವೇ ಮಸೂದೆ ತರುತ್ತದೆ, ಇದನ್ನು ಸದ್ಯಕ್ಕೆ ಹಿಂದಕ್ಕೆ ಪಡೆಯಿರಿ ಎಂಬುದು ಅವರ ಕೋರಿಕೆಯಾಗಿತ್ತು.

ಈಗ ನೀವೇ ಅವರ ಜಾಗದಲ್ಲಿ ನಿಂತು ಯೋಚಿಸಿ. ಮತಕ್ಕೆ ಹಾಕಿ ಎಂದು ಹಟ ಹಿಡಿದರೆ ಸರ್ಕಾರದ ಬೆಂಬಲವಿಲ್ಲದೆ ಮಸೂದೆ ಬೀಳುವ ಸಂಭವವೇ ಹೆಚ್ಚು. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತಿನ ಎರಡೂ ಸದನಗಳನ್ನು ದಾಟಿ ಕಾಯ್ದೆಯಾದ ಖಾಸಗಿ ಸದಸ್ಯರ ಮಸೂದೆಗಳು ಹದಿನಾಲ್ಕೇ, ಕೊನೆಯದು 1970ರಲ್ಲಿ. ಹಿಂದಕ್ಕೆ ಪಡೆದರೆ ಕೈಯಲ್ಲಿ ಉಳಿಯುವುದು ಒಂದು ಮಾತು ಮಾತ್ರ. ರುಕ್ಮಿಣೀದೇವಿಯವರು ಆ ಮಾತನ್ನು ನಂಬಿ ಮಸೂದೆಯನ್ನು ಹಿಂದಕ್ಕೆ ಪಡೆದರು.

ಸಮಿತಿ ನೇಮಕವಾಯಿತು, ವರದಿ ಬಂತು, ಸರ್ಕಾರದ ಮಸೂದೆಯೂ ಬಂತು. ಅದು ಕಾಯ್ದೆಯಾದದ್ದು 1960ರ ಡಿಸೆಂಬರಿನಲ್ಲಿ. ಕೊಟ್ಟ ಮಾತು ಈಡೇರಿತು ನಿಜ. ನಡುವೆ ಆರು ವರ್ಷ ಒಂಬತ್ತು ತಿಂಗಳು ಕಳೆದವು. ಹುಟ್ಟಿದ ಹೋರಿಕರು ಬೆಳೆದು, ಪಳಗಿ, ಗಾಡಿ ಹೂಡಿ, ಅರ್ಧ ಆಯುಷ್ಯ ದುಡಿದು ಮುಗಿಸುವಷ್ಟು ಕಾಲ! 1962ರಲ್ಲಿ ಈ ಕಾಯ್ದೆಯ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅದಕ್ಕೆ ಮೊದಲ ಅಧ್ಯಕ್ಷರಾದವರು ರುಕ್ಮಿಣೀದೇವಿಯವರೇ. 1986ರಲ್ಲಿ ಅವರು ತೀರಿಕೊಂಡರು.

ಕಾಯ್ದೆ ರೈತನ ವಿರುದ್ಧವೇ?

ಈ ಕಾಯ್ದೆಯ ಹೆಸರು ಹೇಳಿದರೆ ಕೆಲವರಿಗೆ ಭಯ. ಮೂಗುದಾರ ಹಾಕಿದರೆ, ಹೋರಿಯ ಬೀಜ ಒಡೆಸಿದರೆ, ಕೊಂಬು ಸುಡಿಸಿದರೆ ಕೇಸು ಹಾಕುತ್ತಾರಂತೆ ಎಂಬ ಮಾತು ಸಂತೆಯಲ್ಲಿ ಓಡಾಡುತ್ತಿರುತ್ತದೆ. ಇದು ಸರಿಯಲ್ಲ. ಕೊಂಬು ತೆಗೆಸುವುದು, ಬೀಜ ಒಡೆಸುವುದು, ಗುರುತಿನ ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವನ್ನು ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದರೆ ಅಪರಾಧವಲ್ಲವೆಂದು 11ನೆಯ ಪ್ರಕರಣದಲ್ಲಿಯೇ ಹೇಳಲಾಗಿದೆ. ಕಲ್ಲಿನ ಮೇಲಿಟ್ಟು ಜಜ್ಜುವ ಹಳೆಯ ಪದ್ಧತಿಯನ್ನು ಬಿಟ್ಟು, ಪಶುಚಿಕಿತ್ಸಾಲಯದಲ್ಲಿ ಬರ್ಡಿಜೊ ಇಕ್ಕಳದಿಂದ ಮಾಡಿಸಿರಿ. ಗಾಯವಿಲ್ಲ, ನೊಣ ಕೂತು ಹುಳು ಬೀಳುವ ಅಪಾಯವಿಲ್ಲ.

ಅಪರಾಧವಾಗುವುದು ಯಾವುದು? ವಯಸ್ಸು, ಕಾಯಿಲೆ, ಹುಣ್ಣು ಅಥವಾ ಗಾಯದ ಕಾರಣ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದು. ಸಾಕಿದವನೇ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು. ತೀರ ಗಿಡ್ಡ ಹಗ್ಗದಲ್ಲಿ ಸದಾ ಕಟ್ಟಿಹಾಕುವುದು. ಉಪಯೋಗ ತೀರಿತೆಂದು ಹಸಿವು ಬಾಯಾರಿಕೆಗೆ ಈಡಾಗುವಂತೆ ಎಲ್ಲೋ ಬಿಟ್ಟುಬರುವುದು. ನಮ್ಮ ಹಿರಿಯರು ಇವನ್ನು ಮಾಡಬಾರದೆಂದು ಹೇಳಲು ಕಾಯ್ದೆಗಾಗಿ ಕಾದಿರಲಿಲ್ಲ.

ಹಾಲಿನ ವಿಷಯಕ್ಕೆ ಬರೋಣ. ಹೆಚ್ಚು ಹಾಲು ಇಳಿಸಲು ಹಸು ಎಮ್ಮೆಗಳ ಮೇಲೆ ನಡೆಸುವ 'ಫೂಕಾ' ಎಂಬ ಕ್ರೂರ ಪದ್ಧತಿಯನ್ನು 12ನೆಯ ಪ್ರಕರಣ ನಿಷೇಧಿಸಿದೆ. 1982ರ ತಿದ್ದುಪಡಿಯಿಂದ, ರಾಸಿನ ಆರೋಗ್ಯ ಕೆಡಿಸುವಂತೆ ಹಾಲು ಹೆಚ್ಚಿಸಲು ಕೊಡುವ ಚುಚ್ಚುಮದ್ದೂ ಇದರೊಳಗೆ ಸೇರಿತು. ಇದಕ್ಕೆ 1,000 ರೂಪಾಯಿಯವರೆಗೆ ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಆಕ್ಸಿಟೋಸಿನ್ ಸೂಜಿಯನ್ನು ದಿನವೂ ಚುಚ್ಚುವವರು ಈ ಮಾತನ್ನು ಗಮನಿಸುವುದು ಒಳ್ಳೆಯದು. ಅದು ಪಶುವೈದ್ಯರ ಚೀಟಿಯಿಲ್ಲದೆ ಕೊಟ್ಟಿಗೆಗೆ ಬರಬೇಕಾದ ಔಷಧಿಯಲ್ಲ.

ಗಾಡಿ, ಭಾರ ಮತ್ತು ಬಿಸಿಲು

ಕಾಯ್ದೆಯ ಕೆಳಗೆ 1965ರಲ್ಲಿ ಭಾರ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಲಾಯಿತು. ಗಾಡಿ ಹೊಡೆಯುವವರು ಇವನ್ನು ಬರೆದಿಟ್ಟುಕೊಳ್ಳಬೇಕು.

ಎತ್ತು ಅಥವಾ ಕೋಣ 200 ಕಿಲೋ ತೂಕದವರೆಗೆ ಇದ್ದರೆ ಸಣ್ಣದು, 200ರಿಂದ 350 ಕಿಲೋವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ದೊಡ್ಡದು. ಮಧ್ಯಮ ಗಾತ್ರದ ಒಂದು ಎತ್ತಿನ ಲೆಕ್ಕ ಹೀಗಿದೆ: ಗಾಳಿ ತುಂಬಿದ ಟೈರಿಲ್ಲದ ಎರಡು ಚಕ್ರದ ಗಾಡಿಗೆ 700 ಕಿಲೋ, ಟೈರ್ ಗಾಡಿಗೆ 1,050 ಕಿಲೋ, ಬಾಲ್ ಬೇರಿಂಗ್ ಇದ್ದರೆ 1,400 ಕಿಲೋ. ಸಣ್ಣ ಎತ್ತಿಗೆ ಇದೇ ಕ್ರಮದಲ್ಲಿ 500, 750 ಮತ್ತು 1,000 ಕಿಲೋ. ದೊಡ್ಡದಕ್ಕೆ 900, 1,350 ಮತ್ತು 1,800 ಕಿಲೋ. ಜೋಡಿ ಕಟ್ಟಿದರೆ ಇದರ ಎರಡರಷ್ಟು. ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಏರು ದಾರಿಯಲ್ಲಿ, 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಏರಿಕೆ ಇದ್ದರೆ ಭಾರವನ್ನು ಅರ್ಧಕ್ಕೆ ಇಳಿಸಬೇಕು. ಹೇರುವಾಗ ಗಾಡಿಯ ಸ್ವಂತ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎತ್ತಿಗೆ ಮರದ ಭಾರ ಬೇರೆ, ಕಬ್ಬಿನ ಭಾರ ಬೇರೆ ಎಂಬ ಭೇದವಿಲ್ಲ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಎತ್ತು ಅದೇ, ದಾರಿ ಅದೇ. ಕಬ್ಬಿಣದ ಪಟ್ಟಿಯ ಚಕ್ರ ಬದಲಿಸಿ ಟೈರು ಹಾಕಿದೊಡನೆ ಅದು ಎಳೆಯಬಹುದಾದ ಭಾರ ಒಂದೂವರೆಯಷ್ಟಾಗುತ್ತದೆ. ಬೇರಿಂಗು ಕೂಡಿಸಿದರೆ ಎರಡರಷ್ಟು. ಅಂದರೆ ದಯೆ ಮತ್ತು ಲಾಭ ಇಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದದ್ದು ಈ ಕಾರಣಕ್ಕೇ. ಹಳ್ಳಿಕಾರ್, ಅಮೃತಮಹಲ್, ಖಿಲಾರಿಗಳಂತಹ ದುಡಿಮೆಯ ತಳಿಗಳಿಗೆ ಹೆಸರಾದ ನಾಡಿನಲ್ಲಿ ಇಂಥ ಕೆಲಸ ನಡೆದದ್ದು ಸಹಜವೇ.

ಉಳಿದ ನಿಯಮಗಳು: ಗಾಡಿ ಎಳೆಸಲಿ, ಹೇರು ಹೊರಿಸಲಿ, ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಕೂಡದು; ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆ ಮೀರಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಬೇಕು. ರಾಯಚೂರು, ಕಲಬುರಗಿ ಕಡೆಯ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳೆ ಹೊಡೆದ ಕೋಲು, ಮುಳ್ಳು ಅಥವಾ ಗಂಟುಗಳಿರುವ ನೊಗ ಬಳಸುವುದನ್ನೂ ನಿಷೇಧಿಸಲಾಗಿದೆ. ಹೆಗಲು ಊದಿಕೊಂಡ ಎತ್ತನ್ನು ವಾಸಿಯಾಗುವವರೆಗೆ ಹೂಡದೆ ಬಿಡುವುದು ಕಾನೂನಿನ ದೃಷ್ಟಿಯಿಂದಲೂ ಸರಿ, ಹಣದ ದೃಷ್ಟಿಯಿಂದಲೂ ಸರಿ.

ಕೊರತೆ ಎಲ್ಲಿದೆ

ಕಾಯ್ದೆ ಹಳ್ಳಿಗೆ ಬಂತು. ಅದರ ಹಲ್ಲು ಮಾತ್ರ ಗಟ್ಟಿಯಾಗಲಿಲ್ಲ. 11ನೆಯ ಪ್ರಕರಣದ ಅಪರಾಧಕ್ಕೆ ಮೊದಲ ಸಲ ವಿಧಿಸಿದ ದಂಡ 50 ರೂಪಾಯಿ ಮೀರದಂತೆ ಇಡಲಾಯಿತು. ಇಂದಿನ ಪೇಟೆಯಲ್ಲಿ ಆ ಹಣಕ್ಕೆ ಒಂದು ಹೊತ್ತಿನ ಹಿಂಡಿ ಬಂದರೆ ಹೆಚ್ಚು. ದಂಡ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ದಂಡ ಏರಬೇಕು ನಿಜ. ಆದರೆ ದಂಡವೊಂದರಿಂದಲೇ ಎತ್ತಿನ ಹೆಗಲು ವಾಸಿಯಾಗದು. ಹುಣ್ಣಿಗೆ ಮದ್ದು ಹಾಕುವ ವೈದ್ಯರು ಹತ್ತಿರದಲ್ಲಿ ಇರಬೇಕು, ಸಂತೆಯಲ್ಲಿ ನೀರಿನ ತೊಟ್ಟಿ ಇರಬೇಕು, ಬರಗಾಲದಲ್ಲಿ ಮೇವು ಸಿಗಬೇಕು. ರೈತನಿಗೆ ನಿಯಮ ತಿಳಿಸುವವರೇ ಇಲ್ಲದಿರುವಾಗ ದಂಡದ ಪುಸ್ತಕ ಹಿಡಿದು ಬರುವುದು ನ್ಯಾಯವೂ ಅಲ್ಲ. ಇವೆಲ್ಲ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಗಳು.

ಕೇಳುವವರು ಯಾರು? ಪ್ರಾಣಿಹಿಂಸೆಯ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ; ಸಂಸತ್ತೂ ಶಾಸನ ಮಾಡಬಹುದು, ರಾಜ್ಯದ ವಿಧಾನಮಂಡಲವೂ ಮಾಡಬಹುದು. ಕಂಬಳದ ವಿಷಯ ನಿಮಗೆ ನೆನಪಿರಬಹುದು. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ನಂತರ ತೊಡಕು ಬಂದಾಗ, ಕರ್ನಾಟಕ ವಿಧಾನಮಂಡಲ 2017ರಲ್ಲಿ ಇದೇ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಟದ ಕೋಣಗಳಿಗೆ ಸದನದಲ್ಲಿ ದೊರೆತ ಸಮಯ ಗಾಡಿಯ ಎತ್ತಿಗೂ ದೊರೆಯಬೇಕೆಂದು ಕೇಳುವುದರಲ್ಲಿ ತಪ್ಪೇನಿಲ್ಲ. ಪಶುವೈದ್ಯ ಮತ್ತು ದನಗಳ ರೋಗ ನಿವಾರಣೆಯಂತೂ ರಾಜ್ಯದ ಪಟ್ಟಿಯಲ್ಲಿಯೇ ಇವೆ. ಆದುದರಿಂದ ಚಿಕಿತ್ಸಾಲಯದ ಪ್ರಶ್ನೆಯನ್ನು ದೆಹಲಿಗೆ ಬರೆಯಬೇಕಾಗಿಲ್ಲ. ನಿಮ್ಮ ಶಾಸಕರೇ ವಿಧಾನಸಭೆಯಲ್ಲಿ ಪಶುಸಂಗೋಪನೆ ಸಚಿವರನ್ನು ಕೇಳಬಹುದು.

ಪ್ರಶ್ನೆ ಬರೆದುಕೊಡುವ ಕ್ರಮ

ಸದನದ ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶವುಂಟು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಅಂಕಿಸಂಖ್ಯೆ ಬೇಕಾದಾಗ ಎರಡನೆಯದು, ಮಾತು ಹೊರಡಿಸಬೇಕಾದಾಗ ಮೊದಲನೆಯದು ಅನುಕೂಲ.

ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಸಡಿಲ. "ದನಗಳಿಗಾಗಿ ಸರ್ಕಾರ ಏನು ಮಾಡಿದೆ?" ಎಂದು ಕೇಳಿದರೆ ಯೋಜನೆಗಳ ಹೆಸರುಗಳನ್ನು ಸಾಲಾಗಿ ಓದಿ ಕುಳಿತುಕೊಳ್ಳುತ್ತಾರೆ. ಹೀಗೆ ಬರೆದುಕೊಡಿ: (ಅ) ಇಂಥ ತಾಲ್ಲೂಕಿನಲ್ಲಿ ಮಂಜೂರಾಗಿರುವ ಪಶುವೈದ್ಯರ ಹುದ್ದೆಗಳೆಷ್ಟು? (ಆ) ಅವುಗಳಲ್ಲಿ ಖಾಲಿ ಇರುವುವು ಎಷ್ಟು, ಎಂದಿನಿಂದ? (ಇ) ಯಾವ ತಿಂಗಳೊಳಗೆ ತುಂಬಲಾಗುವುದು? ಅದೇ ರೀತಿ, ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘ ಇರಬೇಕೆಂದು 2001ರ ಕೇಂದ್ರ ನಿಯಮಗಳು ಹೇಳುತ್ತವೆ. ನಿಮ್ಮ ಜಿಲ್ಲೆಯ ಸಂಘ ಕಳೆದ ವರ್ಷ ಎಷ್ಟು ಸಭೆ ಸೇರಿತು, ಅದರಲ್ಲಿ ರೈತರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿಸಬಹುದು.

"ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬರಬಹುದು. ಆಗ ಎದೆಗುಂದಬೇಡಿ, ಯಾರ ಪರಿಶೀಲನೆಯಲ್ಲಿ, ಎಂದಿನಿಂದ ಎಂದು ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿಸಿ. "ಮಾಡುತ್ತೇವೆ" ಎಂದು ಸಚಿವರು ಸದನದಲ್ಲಿ ಹೇಳಿದರೆ ಅದಕ್ಕೆ ಹೆಚ್ಚಿನ ಬೆಲೆಯಿದೆ. ಅಂಥ ಮಾತುಗಳು ಜಾರಿಯಾದವೇ ಇಲ್ಲವೇ ಎಂದು ನೋಡುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ರಾಜ್ಯಸಭೆಯಲ್ಲಿ ಇದು ರಚನೆಯಾದದ್ದು 1972ರಲ್ಲಿ. ರುಕ್ಮಿಣೀದೇವಿಯವರು ಪ್ರಧಾನಿಯ ಮಾತು ನಂಬಿ ಮಸೂದೆ ಹಿಂದಕ್ಕೆ ಪಡೆದ 1954ರಲ್ಲಿ ಆ ಸದನಕ್ಕೆ ಇಂಥ ಸಮಿತಿ ಇರಲಿಲ್ಲ. ನಮ್ಮ ವಿಧಾನಮಂಡಲದಲ್ಲಿಯೂ ಈ ಸಮಿತಿ ಕೆಲಸ ಮಾಡುತ್ತದೆ. ಸಚಿವರ ಉತ್ತರದ ಪ್ರತಿಯನ್ನು ಶಾಸಕರಿಂದ ಪಡೆದು, ದಿನಾಂಕ ಬರೆದು, ಹಾಲು ಉತ್ಪಾದಕರ ಸಂಘದ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ.

ಪ್ರಶ್ನೆಯನ್ನು ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕೊಡಬೇಕು. ಲೋಕಸಭೆಯಲ್ಲಾದರೆ ಹದಿನೈದು ದಿನಗಳ ಮುನ್ಸೂಚನೆ ಬೇಕು. ಬೇಸಿಗೆಯಲ್ಲಿ ಸಂತೆಮಾಳದ ನೀರಿನ ತೊಟ್ಟಿ ತುಂಬಬೇಕೆಂಬುದು ನಿಮ್ಮ ಪ್ರಶ್ನೆಯಾದರೆ, ಸಂಕ್ರಾಂತಿ ಕಳೆಯುತ್ತಲೇ, ಆಯವ್ಯಯದ ಅಧಿವೇಶನಕ್ಕೆ ಮುಂಚೆ, ಸಂಘದ ಠರಾವಿನೊಂದಿಗೆ ಶಾಸಕರ ಕೈಗೆ ತಲುಪಿಸಿರಿ.