ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಮನೆಯಲ್ಲಿ ಏನು ಮಾಡಬೇಕು?



ನಮ್ಮ ಕಗ್ಗದಾಸಪುರದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಬಾಗಿಲಲ್ಲಿ ಕೂತಿರುವ ಅಜ್ಜಿ, ತಾತಂದಿರನ್ನು ನೀವೆಲ್ಲ ನೋಡಿರುತ್ತೀರಿ. "ಪೊರೆ ತೆಗೆಸಿದ್ದಾರೆ" ಅಂತ ಹೇಳ್ತಾರೆ. ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೆ ಕಣ್ಣು ಪೂರ್ತಿ ವಾಸಿಯಾಗಲು ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಮನೆಯಲ್ಲಿ ಡಾಕ್ಟರು ಇರುವುದಿಲ್ಲ, ನಾವು ಇರುತ್ತೇವೆ. ಆದ್ದರಿಂದ ಇದು ನಮಗೂ ಗೊತ್ತಿರಬೇಕು.

ಪೊರೆ ಎಂದರೇನು?

ನಮ್ಮ ಕಣ್ಣೊಳಗೆ ತಿಳಿಯಾದ ಮಸೂರವಿದೆ. ವಯಸ್ಸಾದಂತೆ ಅದು ಮಂಜಾಗುತ್ತದೆ. ಅದೇ ಪೊರೆ. ಅದು ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ. ಡಾಕ್ಟರು ಮಂಜಾದ ಮಸೂರವನ್ನು ತೆಗೆದು ಪ್ಲಾಸ್ಟಿಕ್ ಮಸೂರವನ್ನು ಇಡುತ್ತಾರೆ. ಗಾಯ ಕೆಲವೇ ಮಿಲಿಮೀಟರ್ ಇರುತ್ತದೆ. ಹೆಚ್ಚಿನವರಿಗೆ ಹೊಲಿಗೆಯೂ ಇಲ್ಲ, ಗಾಯ ತಾನೇ ಕೂಡಿಕೊಳ್ಳಬೇಕು. ಅದು ಕೂಡುವ ಮೊದಲು ಕೊಳೆ ನೀರೋ ಬೆರಳೋ ತಾಗಿದರೆ ಕ್ರಿಮಿ ಒಳಗೆ ಹೋಗಬಹುದು.

ಡ್ರಾಪ್ಸ್ ಹಾಕುವ ಕ್ರಮ

1. ಸೋಪು ಹಾಕಿ ಕೈ ತೊಳೆಯಿರಿ.
2. ಅಜ್ಜಿಯನ್ನು ಮಲಗಿಸಿ, ಮೇಲೆ ನೋಡಲು ಹೇಳಿ. ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಹಾಕಿ.
3. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು.
4. ಒಂದೆರಡು ನಿಮಿಷ ಕಣ್ಣು ಮುಚ್ಚಿರಲಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಎಷ್ಟೋ ಜನ ಎಡವುವುದು ಎರಡನೇ ವಾರದಲ್ಲಿ. "ಕಣ್ ಚೆನ್ನಾಗಿ ಕಾಣ್ತಾ ಐತೆ, ಇನ್ಯಾಕೆ ಡ್ರಾಪ್ಸು?" ಅಂತ ಬಿಟ್ಬಿಡ್ತಾರೆ. ಊತ ಇಳಿಸುವ ಡ್ರಾಪ್ಸನ್ನು ದಿನಕ್ಕೆ ಆರು ಸಲ, ಐದು ಸಲ, ನಾಲ್ಕು ಸಲ ಹೀಗೆ ಮೆಲ್ಲಗೆ ಕಡಿಮೆ ಮಾಡುತ್ತಾರೆ. ತಟ್ಟನೆ ನಿಲ್ಲಿಸಿದರೆ ಊತ ಮತ್ತೆ ಬರಬಹುದು. ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು. ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ, ಚೀಟಿಯಲ್ಲಿ ಬರೆದಂತೆಯೇ ನಡೆಯಬೇಕು. ಅಕ್ಷರ ಬಾರದ ಅಜ್ಜಿಗೆ ಆ ಚೀಟಿ ಓದಲು ಆಗದು. ನೋಟ್ ಬುಕ್ಕಿನ ಹಾಳೆಯಲ್ಲಿ ಮನೆ ಎಳೆದು ಕ್ಯಾಲೆಂಡರ್ ಪಕ್ಕ ಅಂಟಿಸಿ, ಹನಿ ಹಾಕಿದಾಗಲೆಲ್ಲ ಗುರುತು ಹಾಕಿ. ಇದು ನಾವು ಮಾಡಬಹುದಾದ ಕೆಲಸ.

ಮಾಡಬಾರದ್ದು

* ಕಣ್ಣು ಉಜ್ಜಬಾರದು. ಮಲಗುವಾಗ ಆಸ್ಪತ್ರೆಯಲ್ಲಿ ಕೊಟ್ಟ ಮುಚ್ಚಳ ಹಾಕಬೇಕು.
* ಮೊದಲ ದಿನಗಳಲ್ಲಿ ಕತ್ತಿನ ಕೆಳಗೆ ಮಾತ್ರ ಸ್ನಾನ. ತಲೆಗೆ ಯಾವಾಗ ಎಂದು ಡಾಕ್ಟರನ್ನೇ ಕೇಳಿ.
* ತುಂಬಿದ ಬಿಂದಿಗೆ ಎತ್ತಬಾರದು. ಸೌದೆ ಒಲೆಯ ಹೊಗೆ, ರಸ್ತೆಯ ದೂಳು ಬೇಡ.
* ಜೇನು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ, ಕಾಡಿಗೆ, ಎದೆಹಾಲು ಇವನ್ನು ಕಣ್ಣಿಗೆ ಹಾಕಲೇಬಾರದು.

ಬದನೆಕಾಯಿ, ಮೊಟ್ಟೆ ತಿನ್ನಬಾರದು ಎಂದು ಪಥ್ಯ ಮಾಡಿಸುವುದು ಬೇಕಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಟಿ.ವಿ. ನೋಡಬಹುದು, ಓದಬಹುದು, ಮೆಲ್ಲಗೆ ಓಡಾಡಬಹುದು.

ಯಾವಾಗ ಓಡಬೇಕು?

ಮೊದಲ ಕೆಲವು ದಿನ ಸ್ವಲ್ಪ ನೀರು ಸೋರುವುದು, ಮರಳು ಬಿದ್ದಂತೆ ಚುಚ್ಚುವುದು ಸಹಜ. ಆದರೆ ನೋವು ಹೆಚ್ಚುತ್ತಾ ಹೋದರೆ, ಕೆಂಪು ಹೆಚ್ಚಿದರೆ, ಕಾಣುತ್ತಿದ್ದದ್ದು ಮಂಜಾದರೆ, ಕೀವು ಬಂದರೆ, ಮಿಂಚು ಹೊಡೆದಂತೆ ಆದರೆ, ಪರದೆ ಇಳಿದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. "ನಾಳೆ ನೋಡೋಣ" ಅನ್ನಬಾರದು. ನೋವು, ಕೆಂಪು, ಮಂಜು ಈ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ.

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಹಲವರಿಗೆ ಸೋಂಕು ತಗುಲಿ, ಕೆಲವರ ದೃಷ್ಟಿ ಹೋಯಿತು. ಬಳಸಿದ ಔಷಧಿಯಲ್ಲೇ ದೋಷವಿತ್ತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಇಂಥದ್ದು ತೀರಾ ಅಪರೂಪ, ಹೆದರಿ ಆಪರೇಷನ್ ಬಿಡಬಾರದು. ಆದರೆ ಸೋಂಕು ಎಲ್ಲಿಂದ ಬಂದರೂ ಬೇಗ ಕಂಡುಹಿಡಿದಷ್ಟು ಕಣ್ಣು ಉಳಿಯುವ ಆಸೆ ಹೆಚ್ಚು. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಬರಲು ಹೇಳುವುದು ಇದಕ್ಕೇ. ಕೊನೆಯ ಸಲ ಹೋದಾಗ ಕನ್ನಡಕದ ನಂಬರು ಕೊಡುತ್ತಾರೆ. ಅದಕ್ಕೂ ಮೊದಲೇ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ಮತ್ತೆ ಮಂಜಾಗುತ್ತದೆ. ಪೊರೆ ವಾಪಸ್ ಬಂದದ್ದಲ್ಲ, ಹೊಸ ಮಸೂರದ ಹಿಂದಿನ ತೆಳು ಪದರ ಮಂಜಾದದ್ದು. ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ.

ಸ್ನೇಹಿತರೇ, ನಮಗೆ ಅಕ್ಕಿಯಲ್ಲಿ ಕಲ್ಲು ಆರಿಸಿ ಅನ್ನ ಹಾಕಿದ ಕಣ್ಣುಗಳಿವು. ಆರು ವಾರ ಅವನ್ನು ನಾವು ನೋಡಿಕೊಳ್ಳೋಣ.

ನಿಮಗೆ ಗೊತ್ತೇ?

* ಕಣ್ಣೊಳಗೆ ಪ್ಲಾಸ್ಟಿಕ್ ಮಸೂರವನ್ನು ಮೊದಲು ಇಟ್ಟವರು ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧವಿಮಾನದ ಕಿಟಕಿಯ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು.
* ನಮ್ಮ ನಾಡಿನ ಡಾ. ಎಂ.ಸಿ. ಮೋದಿ (1916–2005) ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಬಡವರಿಗೆ ಕಣ್ಣಿನ ಆಪರೇಷನ್ ಮಾಡಿದರು.