ಮಿದುಳಿನ ಬಾವು ಇಳಿಸುವ ಗುಳಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಅಟ್ಟವೆಂದರೇನೆಂಬುದನ್ನು ಯಾರಿಗೂ ವಿವರಿಸಬೇಕಾದುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಸದ್ದುಮಾಡುವ ಉಂಡೆಕೊಬ್ಬರಿಯಾಗುತ್ತದೆ. ಕರಟವು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ಒಳಗೆ ಎಡೆಯುಂಟಾಗುವುದು ನೀರು ಹೋದುದರಿಂದ. ನಮ್ಮ ತಲೆಬುರುಡೆಯೂ ಹಿಗ್ಗದ ಕರಟವೇ. ಅದರೊಳಗೆ ಗಡ್ಡೆಯೊಂದು ಬೆಳೆದಾಗ ರೋಗಿಯನ್ನು ಪೀಡಿಸುವುದು ಗಡ್ಡೆಯೊಂದೇ ಅಲ್ಲ. ಅನೇಕ ವೇಳೆ ಅದಕ್ಕಿಂತ ಹೆಚ್ಚಾಗಿ ಅದರ ಸುತ್ತ ಸೇರುವ ನೀರು.

ಗಡ್ಡೆಯ ರಕ್ತನಾಳಗಳು ಸರಿಯಾದ ಬಿಗಿಯಿಲ್ಲದವು. ಅವುಗಳಿಂದ ನೀರು ಜಿನುಗಿ ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಆಗಲೇ ಮುಂಜಾನೆಯ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಒಂದು ಪಕ್ಕದ ಕೈಕಾಲಿನಲ್ಲಿ ಸೋಲು, ಮಾತಿನ ತೊಡಕು, ಕೆಲವರಿಗೆ ಸೆಳವು. ಪಿತ್ತವೆಂದು ಕೆಲವು ದಿನ, ಕನ್ನಡಕ ಬದಲಾಯಿಸಿ ಕೆಲವು ದಿನ, ಗಾಳಿ ಸೋಕಿತೆಂದು ಇನ್ನು ಕೆಲವು ದಿನ ಕಳೆಯುವುದು ನಮ್ಮ ಕಡೆ ಅಪರೂಪವಲ್ಲ.

ಈ ನೀರನ್ನು ಇಳಿಸುವ ಔಷಧದ ಹೆಸರು ಡೆಕ್ಸಮೆಥಸೋನ್. ಇದು ಸ್ಟೀರಾಯ್ಡ್ ಜಾತಿಯದು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ನಿತ್ಯವೂ ಸ್ರವಿಸುವ ರಸಕ್ಕೆ ಇದು ಬಲಿಷ್ಠನಾದ ದಾಯಾದಿ. 1948ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯರು ಈ ಕುಲದ ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಮೊದಲು ಕೊಟ್ಟರು. 1950ರಲ್ಲಿ ಅವರಿಗೂ ಕೆಂಡಾಲ್, ರೈಕ್‌ಸ್ಟೈನ್ ಎಂಬಿಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಮಿದುಳಿನ ಗಡ್ಡೆಯ ಬಾವಿಗೆ ಡೆಕ್ಸಮೆಥಸೋನ್ ತಕ್ಕುದೆಂದು 1961ರಲ್ಲಿ ತಿಳಿಯಪಡಿಸಿದವರು ಮಿನೆಸೋಟಾ ವಿಶ್ವವಿದ್ಯಾನಿಲಯದ ಗಾಲಿಸಿಚ್ ಮತ್ತು ಫ್ರೆಂಚ್ ಎಂಬ ಶಸ್ತ್ರವೈದ್ಯರು. ಅದಕ್ಕೆ ಮುಂಚೆ, ಶಸ್ತ್ರಕ್ರಿಯೆ ಚೆನ್ನಾಗಿ ಮುಗಿದರೂ ಬಾವಿನಿಂದಲೇ ಪ್ರಾಣಬಿಟ್ಟವರುಂಟು.

ಗುಳಿಗೆಯ ಗುಣ ಬೆರಗು ಹುಟ್ಟಿಸುವಂಥದು. ನಿನ್ನೆ ಮೊನ್ನೆ ಕಣ್ಣು ಬಿಡಲಾರದೆ ಮಲಗಿದ್ದವರು ಒಂದೆರಡು ದಿನಗಳಲ್ಲಿ ಎದ್ದು ಕುಳಿತು ಕಾಫಿ ಕೇಳುವುದುಂಟು. ಅಪಾಯವಿರುವುದೂ ಇಲ್ಲಿಯೇ. ಕಾಯಿಲೆ ಹೋಯಿತೆಂದು ಮನೆಯವರು ಬೆಂಗಳೂರಿನ ಪ್ರಯಾಣವನ್ನು ಹಬ್ಬ ಕಳೆಯಲಿ, ಕೊಬ್ಬರಿ ಮಾರಾಟವಾಗಲಿ ಎಂದು ಮುಂದಕ್ಕೆ ಹಾಕುತ್ತಾರೆ. ಇಳಿದದ್ದು ನೀರು, ಗಡ್ಡೆ ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತದೆ. ಆ ಕೆಲವು ದಿನಗಳ ಬಿಡುವು ಗಡ್ಡೆಯ ಜಾತಿಯನ್ನು ತಿಳಿದು, ಶಸ್ತ್ರವೋ ವಿಕಿರಣವೋ ಎಂದು ನಿಶ್ಚಯಿಸುವುದಕ್ಕಾಗಿ ದೊರೆತದ್ದು. ತಿಪಟೂರಿನಲ್ಲಿ ರೈಲು ಹತ್ತಿದವರಿಗೆ ಬೆಂಗಳೂರು ದೂರವಲ್ಲ. ಅಲ್ಲಿ ಹೊಸೂರು ರಸ್ತೆಯ ಕಡೆ, 1974ರಲ್ಲಿ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ರೂಪುಗೊಂಡ ನಿಮ್ಹಾನ್ಸ್ ಇದೆ. ನೆರೆಯಲ್ಲಿಯೇ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆಯಿದೆ. ನಿಮ್ಹಾನ್ಸ್ ಎಂದೊಡನೆ ಹುಚ್ಚಾಸ್ಪತ್ರೆಯೆಂದು ಹಿಂಜರಿಯುವ ಹಿರಿಯರು ಇಂದಿಗೂ ಇದ್ದಾರೆ. ಮಿದುಳಿನ ಶಸ್ತ್ರಕ್ರಿಯೆಗೆ ನಾಡಿನ ಜನ ಹೋಗುವುದು ಅಲ್ಲಿಗೇ ಎಂದು ಅವರಿಗೆ ತಿಳಿಸಬೇಕು.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಯೊಂದುಂಟು. ಮಂಡಿನೋವಿಗೆಂದೋ ಮೈಗೂಡಲೆಂದೋ ಅಂಗಡಿಯಿಂದ ಚೀಟಿಯಿಲ್ಲದೆ ತಂದು ನುಂಗಿದ ಗುಳಿಗೆಗಳಲ್ಲಿ ಇದೇ ಔಷಧ ಇರಬಹುದು. ಲಿಂಫೋಮ ಎಂಬ ಒಂದು ಬಗೆಯ ಗಡ್ಡೆ ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ಕರಗಿಬಿಡುತ್ತದೆ. ಆಗ ಅದರ ತುಣುಕನ್ನು ತೆಗೆದು ಪರೀಕ್ಷಿಸಿದರೂ ರೋಗ ಗೊತ್ತಾಗದೆ ಹೋಗಬಹುದು. ಹಿಂದೆ ಕ್ಷಯ ಬಂದಿದ್ದರೆ ಅದು ಮರುಕಳಿಸುವ ಭಯವೂ ಇದೆ. ಸೆಳವಿಗೆ ಕೊಡುವ ಫೆನಿಟಾಯಿನ್ ಈ ಔಷಧದ ಬಲವನ್ನು ತಗ್ಗಿಸುತ್ತದೆ. ಇವೆಲ್ಲವನ್ನೂ ಲೆಕ್ಕಹಾಕಬೇಕಾದವರು ವೈದ್ಯರು, ಹೇಳಬೇಕಾದವರು ನಾವು.

ಇನ್ನು ಮನೆಯೊಳಗಿನ ಮಾತು. ರೋಗಿಗೆ ಹಸಿವು ಹೆಚ್ಚುತ್ತದೆ. ಒಂದು ಮುದ್ದೆ ಉಣ್ಣುತ್ತಿದ್ದವರು ಎರಡು ಬೇಡಿದರೆ ತಾಯಂದಿರಿಗೆ ಸಂತೋಷವಾಗುವುದು ಸಹಜ. ಆದರೆ ರಕ್ತದಲ್ಲಿ ಸಕ್ಕರೆಯೂ ಏರುತ್ತಿರುತ್ತದೆ. ಮೊದಲೇ ಮಧುಮೇಹವಿದ್ದವರಿಗೆ ಇದು ಬೇಗ ಕೈಮೀರುವುದರಿಂದ ಪರೀಕ್ಷೆ ತಪ್ಪಿಸಕೂಡದು. ಎಳನೀರು ಒಳ್ಳೆಯದೆಂದು ದಿನವೂ ನಾಲ್ಕು ಕೊಚ್ಚಿ ಕುಡಿಸುವವರು ಅದರಲ್ಲಿಯೂ ಸಕ್ಕರೆ ಇದೆಯೆಂಬುದನ್ನು ನೆನೆಯಬೇಕು. ಮುಖ ದುಂಡಗಾಗುತ್ತದೆ. ರಾತ್ರಿ ನಿದ್ರೆ ಬಾರದೆ ಕೆಲವರು ನಡುರಾತ್ರಿಯಲ್ಲಿ ತೋಟದ ಲೆಕ್ಕ ತೆಗೆಯುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಅದು ಔಷಧದ ಗುಣವೆಂದು ತಿಳಿದರೆ ಸೊಸೆಗೂ ಮಗನಿಗೂ ಮನಸ್ಸಿಗೆ ಅಷ್ಟು ನೋವಾಗದು. ವೈದ್ಯರನ್ನು ಕೇಳಿ ದಿನದ ಕೊನೆಯ ಗುಳಿಗೆಯನ್ನು ಮಧ್ಯಾಹ್ನದೊಳಗೆ ಮುಗಿಸಿದರೆ ನಿದ್ರೆ ಸ್ವಲ್ಪ ಸುಧಾರಿಸುತ್ತದೆ. ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ಕೊಡಬಾರದು. ಜೊತೆಗೆ ನೋವಿನ ಮಾತ್ರೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು.

ಕೆಲವು ವಾರಗಳಾದ ಮೇಲೆ ಕಾಣುವ ಇನ್ನೊಂದು ಚಿಹ್ನೆಯಿದೆ. ಮಣೆಯ ಮೇಲೆ ಕುಳಿತು ಉಂಡವರು ಕೈಯೂರದೆ ಏಳಲಾರರು. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಗಡ್ಡೆ ಹೆಚ್ಚಿತೆಂದು ಮನೆಯವರು ಕಂಗೆಡುತ್ತಾರೆ. ಎರಡೂ ತೊಡೆಗಳು ಸಮನಾಗಿ ಸೋತಿದ್ದರೆ ಅದು ಬಹುಮಟ್ಟಿಗೆ ಔಷಧದ ಕೆಲಸ. ಪ್ರಮಾಣ ತಗ್ಗಿದಾಗ ಮೆಲ್ಲನೆ ಸರಿಹೋಗುತ್ತದೆ. ಆದುದರಿಂದಲೇ ವೈದ್ಯರು ಸಾಕಾಗುವಷ್ಟರಲ್ಲಿ ಅತಿ ಕಡಿಮೆಯನ್ನು ಹುಡುಕುತ್ತಾರೆ. ಬೇರೆಡೆಯ ಅರ್ಬುದವು ಮಿದುಳಿಗೆ ಹಬ್ಬಿ, ತತ್‌ಕ್ಷಣದ ಪ್ರಾಣಭಯವಿಲ್ಲದ ರೋಗಿಗಳಲ್ಲಿ ದಿನಕ್ಕೆ 4 ಮಿಲಿಗ್ರಾಂ ಕೊಟ್ಟರೂ ವಾರದ ಕೊನೆಗೆ 16 ಮಿಲಿಗ್ರಾಮಿನಷ್ಟೇ ಗುಣ ಕಂಡುದನ್ನು 1994ರಲ್ಲಿ ಡಚ್ ವೈದ್ಯರು ಪ್ರಕಟಿಸಿದರು.

ಆದರೆ ಪ್ರಮಾಣ ತಗ್ಗಿಸುವುದು ಮನೆಯವರ ಕೆಲಸವಲ್ಲ. ಹೊರಗಿನಿಂದ ರಸ ಬರುತ್ತಿರುವಾಗ ದೇಹದ ಗ್ರಂಥಿಗಳು ಕೆಲಸ ಬಿಟ್ಟು ಮಲಗಿರುತ್ತವೆ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಾವು ಮರಳುವುದಲ್ಲದೆ, ರಕ್ತದೊತ್ತಡ ಕುಸಿದು, ವಾಂತಿ ನಿತ್ರಾಣಗಳುಂಟಾಗಿ ಪ್ರಾಣಕ್ಕೇ ಸಂಚಕಾರ. ಗುಳಿಗೆ ತೀರಿತು, ಸಂತೆಯ ದಿನ ತಂದರಾಯಿತು ಎನ್ನುವ ಸಡಿಲತೆ ಇಲ್ಲಿ ಸಲ್ಲದು. ಅರ್ಧ ಮಿಲಿಗ್ರಾಮಿನದೂ 4 ಮಿಲಿಗ್ರಾಮಿನದೂ ಒಂದೇ ಹೆಸರಿನಲ್ಲಿ ಸಿಗುವುದರಿಂದ, ತಂದೊಡನೆ ಪಟ್ಟಿಯ ಮೇಲಿನ ಅಂಕಿಯನ್ನು ವೈದ್ಯರ ಚೀಟಿಯೊಡನೆ ತಾಳೆನೋಡಬೇಕು. ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ, ಎಂದು ತಗ್ಗಿಸಿದ್ದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ರೋಗಿಯ ಜೇಬಿನಲ್ಲಿಯೇ ಇಟ್ಟಿರಬೇಕು. ನುಂಗಿದ್ದು ವಾಂತಿಯಾಗಿ ಗುಳಿಗೆ ಒಂದು ದಿನ ಹೊಟ್ಟೆಯಲ್ಲಿ ನಿಲ್ಲದೆ ಹೋದರೂ ಕಾಯುತ್ತ ಕೂರದೆ, ಆ ಕಾಗದದೊಡನೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಅದೇ ಔಷಧವನ್ನು ಸೂಜಿಯ ಮೂಲಕ ಕೊಡಬಲ್ಲರು.